ಆವಿಯ ಜಾಡು

ಕಾರು ಓಡಿಸುವವರ ಕಣ್ಣೆದುರಿನ ಫಲಕದಲ್ಲಿ ಎಂಜಿನಿನ ಆಕಾರದ ಒಂದು ಪುಟ್ಟ ಹಳದಿ ದೀಪವುಂಟು. ಕೀಲಿ ತಿರುವಿದೊಡನೆ ಬೆಳಗಿ, ಎಂಜಿನು ಹೊರಟ ಮೇಲೆ ಆರಿಹೋಗುವುದು ಅದರ ಧರ್ಮ. ಎಂದಾದರೊಂದು ಬೆಳಿಗ್ಗೆ ಅದು ಆರದೆ ಉಳಿಯಿತೆಂದರೆ ಗೃಹಸ್ಥನ ಮನಸ್ಸಿನಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ: ಮನೆಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ, ಈಗ ಇದೊಂದು. ಸೋಜಿಗವೆಂದರೆ ದೀಪ ಉರಿಯುತ್ತಿದ್ದರೂ ಕಾರು ಎಂದಿನಂತೆಯೇ ಓಡುತ್ತಿರುತ್ತದೆ. ಸದ್ದಿನಲ್ಲಿ ವ್ಯತ್ಯಾಸವಿಲ್ಲ, ಎಳೆತದಲ್ಲಿ ಕುಂದಿಲ್ಲ, ಹೊಗೆಯೂ ಕಾಣದು. ಎರಡು ದಿನ ದಿಗಿಲು, ಮೂರನೆಯ ದಿನ ಉದಾಸೀನ; ತಿಂಗಳು ಕಳೆಯುವಷ್ಟರಲ್ಲಿ ಆ ದೀಪ ಗೋಡೆಯ ಮೇಲಿನ ಹಳೆಯ ಪಂಚಾಂಗದಂತೆ ಕಣ್ಣಿಗೆ ಬಿದ್ದೂ ಬೀಳದಂತಾಗುತ್ತದೆ.

ಹೀಗೆ ಓಟಕ್ಕೆ ಧಕ್ಕೆ ತಾರದೆ ದೀಪವನ್ನು ಮಾತ್ರ ಹೊತ್ತಿಸುವ ದೋಷಗಳಲ್ಲಿ ಒಂದು ದೊಡ್ಡ ವರ್ಗಕ್ಕೆ ಮೂಲ ಪೆಟ್ರೋಲಲ್ಲ, ಪೆಟ್ರೋಲಿನ ಆವಿ.

ಪೆಟ್ರೋಲು ಕುದಿಯುವ ತನಕ ಕಾಯುವ ದ್ರವವಲ್ಲ. ತೆರೆದ ಬಟ್ಟಲಿನಲ್ಲಿಟ್ಟರೆ ನೆರಳಿನಲ್ಲಿಯೂ ಆರಿಹೋಗುತ್ತದೆ. ನಿಂತ ಕಾರಿನ ಟ್ಯಾಂಕು ಹೊತ್ತೇರಿದಂತೆ ಕಾಯುತ್ತದೆ. ಒಳಗಿನ ಆವಿ ಹಿಗ್ಗಿ ಹೊರದಾರಿ ಹುಡುಕುತ್ತದೆ. ಸಂಜೆ ತಣ್ಣಗಾದಾಗ ಅದೇ ಟ್ಯಾಂಕು ಹೊರಗಿನ ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತದೆ. ಹಗಲು ನಿಶ್ವಾಸ, ಇರುಳು ಉಚ್ಛ್ವಾಸ. ಹಿಂದಿನ ಕಾಲದ ಎಷ್ಟೋ ಕಾರುಗಳಲ್ಲಿ ಈ ಉಸಿರಾಟಕ್ಕೆಂದೇ ಟ್ಯಾಂಕಿನ ಮುಚ್ಚಳದಲ್ಲಿ ಒಂದು ಕಿರುರಂಧ್ರವಿರುತ್ತಿತ್ತು. ಅದು ತಪ್ಪೆಂದು ಯಾರಿಗೂ ತೋರಿರಲಿಲ್ಲ. ಆವಿ ಆಕಾಶದ ಪಾಲು ಎಂದು ಎಲ್ಲರೂ ಸುಮ್ಮನಿದ್ದರು.

ತಪ್ಪೆಂದು ತೋರಿದುದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ. 1943ರ ಜುಲೈ 26ರಂದು ಆ ನಗರದ ಮೇಲೆ ಕಣ್ಣು, ಗಂಟಲು ಉರಿಸುವ ಮಬ್ಬು ಕವಿಯಿತು. ಎರಡನೆಯ ಮಹಾಯುದ್ಧದ ದಿನಗಳು. ಜಪಾನೀಯರು ವಿಷಾನಿಲ ಬಿಟ್ಟರೆಂದೇ ಕೆಲವರು ನಂಬಿದರು. ಆ ಭಯ ಹೋಯಿತು, ಮಬ್ಬು ಹೋಗಲಿಲ್ಲ. ಕಾರ್ಖಾನೆಗಳ ಮೇಲೆ ಗುಮಾನಿ, ಕಸ ಸುಡುವವರ ಮೇಲೆ ಗುಮಾನಿ. ಕಾರಿನ ಮೇಲೆ ಮಾತ್ರ ಬಹುಕಾಲ ಯಾರಿಗೂ ಸಂಶಯವಿರಲಿಲ್ಲ. ಕೊನೆಗೆ ಗುಟ್ಟನ್ನು ಬಯಲಿಗೆಳೆದವರು ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅನಾನಸ್ ಹಣ್ಣಿನ ಪರಿಮಳದ ರಹಸ್ಯವನ್ನು ಶೋಧಿಸುತ್ತಿದ್ದ ಡಚ್ ಮೂಲದ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್. ಹೈಡ್ರೋಕಾರ್ಬನ್ ಆವಿಗಳು ನೈಟ್ರೋಜನ್ನಿನ ಆಕ್ಸೈಡುಗಳೊಂದಿಗೆ ಬಿಸಿಲಿನಲ್ಲಿ ಕೂಡಿ ಓಜೋನ್ ಮುಂತಾದ ಉರಿಗಾರಕ ವಸ್ತುಗಳಾಗುತ್ತವೆಂದು ಅವರು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಹಣ್ಣಿನ ಕಂಪನ್ನು ಹುಡುಕುತ್ತಿದ್ದ ಮೂಗಿಗೆ ನಗರದ ಕೊಳಕಿನ ಸುಳಿವು ಸಿಕ್ಕಿತೆಂಬುದು ವಿಜ್ಞಾನದ ಇತಿಹಾಸದ ಸೊಗಸಾದ ತಿರುವುಗಳಲ್ಲಿ ಒಂದು.

ಯಾವ ಕಡಿವಾಣವೂ ಇಲ್ಲದ ಅಂದಿನ ಕಾರಿನಿಂದ ಹೊರಬೀಳುತ್ತಿದ್ದ ಹೈಡ್ರೋಕಾರ್ಬನ್ನುಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಗೆಕೊಳವೆಯಿಂದ ಬಂದುದಲ್ಲ. ಟ್ಯಾಂಕು ಮತ್ತು ಕಾರ್ಬ್ಯುರೇಟರಿನಿಂದ ಮೌನವಾಗಿ ಆರಿಹೋದ ಪೆಟ್ರೋಲು. ಕಾರು ನಿಂತಲ್ಲೇ ನಿಂತು ಊರಿನ ಗಾಳಿಯನ್ನು ಕೆಡಿಸುತ್ತಿತ್ತು. ಆದುದರಿಂದ 1970ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯದಲ್ಲಿಯೂ, 1971ರ ಮಾದರಿಗಳಿಂದ ಅಮೆರಿಕದಾದ್ಯಂತವೂ ಆವಿಯನ್ನು ಕಟ್ಟಿಹಾಕುವ ಏರ್ಪಾಟು ಕಡ್ಡಾಯವಾಯಿತು.

ಏರ್ಪಾಟಿನ ತತ್ತ್ವ ಸರಳವಾದುದೇ. ಮುಚ್ಚಳವನ್ನು ಬಿಗಿಗೊಳಿಸಿ ಆವಿಗೆ ಬೇರೊಂದು ಕೊಳವೆ ಕೊಟ್ಟರು. ಕೊಳವೆಯ ತುದಿಗೆ ಇದ್ದಿಲು ತುಂಬಿದ ಒಂದು ಡಬ್ಬಿ ಇಟ್ಟರು. ಮೆಕ್ಯಾನಿಕರು ಕ್ಯಾನಿಸ್ಟರ್ ಎನ್ನುವುದು ಈ ಡಬ್ಬಿಯನ್ನೇ. ವಿಶೇಷವಾಗಿ ಸಂಸ್ಕರಿಸಿದ ಈ ಇದ್ದಿಲಿನ ಒಡಲೆಲ್ಲ ಸೂಕ್ಷ್ಮರಂಧ್ರಮಯ. ಒಂದು ಗ್ರಾಮಿನ ಒಳಮೈಯನ್ನು ಬಿಡಿಸಿ ಹಾಸಲು ಸಾಧ್ಯವಾದರೆ ಸಾವಿರ ಚದರ ಮೀಟರಿಗೂ ಮಿಕ್ಕೀತು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಚಿಟಿಕೆ ಇದ್ದಿಲಿನಲ್ಲಿ ಹತ್ತು ಗುಂಟೆ ಜಮೀನು! ಟ್ಯಾಂಕಿನಿಂದ ಬಂದ ಆವಿ ಈ ಜಮೀನಿನಲ್ಲಿ ಬೀಡುಬಿಡುತ್ತದೆ. ಮನೆಯಲ್ಲಿ ನೀರು ಸೋಸುವ ಪೆಟ್ಟಿಗೆಗೆ ತೆಂಗಿನ ಚಿಪ್ಪಿನ ಇದ್ದಿಲು ಒಗ್ಗಿದರೆ, ಕಾರಿನ ಡಬ್ಬಿಗೆ ಹೆಚ್ಚಾಗಿ ಬಳಸುವುದು ಮರದ ಇದ್ದಿಲನ್ನು. ನೀರಿನ ಇದ್ದಿಲು ಹಿಡಿದುದನ್ನು ಬಿಡಬಾರದು; ಕಾರಿನ ಇದ್ದಿಲು ಹಿಡಿದುದನ್ನು ಮರಳಿ ಬಿಡಬೇಕು. ಅದಕ್ಕೆ ತುಸು ಅಗಲವಾದ ರಂಧ್ರಗಳು ಬೇಕು.

ಮರಳಿ ಬಿಡಿಸುವ ಕೆಲಸ ಎರಡು ವಾಲ್ವುಗಳದು. ಡಬ್ಬಿಗೂ ಎಂಜಿನಿಗೂ ನಡುವೆ ಪರ್ಜ್ ವಾಲ್ವು. ಡಬ್ಬಿಗೂ ಹೊರಗಿನ ಗಾಳಿಗೂ ನಡುವೆ ವೆಂಟ್ ವಾಲ್ವು. ಎಂಜಿನು ಓಡುವಾಗ ಕಂಪ್ಯೂಟರು ಪರ್ಜ್ ವಾಲ್ವನ್ನು ತೆರೆಯುತ್ತದೆ. ಎಂಜಿನಿನ ಹೀರಿಕೆಗೆ ಹೊರಗಿನ ಗಾಳಿ ವೆಂಟಿನ ಮೂಲಕ ನುಗ್ಗಿ, ಇದ್ದಿಲಿನಲ್ಲಿದ್ದ ಆವಿಯನ್ನು ಹೊತ್ತುಕೊಂಡು ಎಂಜಿನಿಗೆ ಹೋಗಿ ಉರಿದುಹೋಗುತ್ತದೆ. ವಿದ್ಯುತ್ತು ಹರಿಯದಿರುವಾಗ ಪರ್ಜ್ ಮುಚ್ಚಿರುತ್ತದೆ, ವೆಂಟ್ ತೆರೆದಿರುತ್ತದೆ. ಈ ಎರಡು ಬಾಗಿಲುಗಳ ಸ್ವಭಾವವನ್ನು ನೆನಪಿನಲ್ಲಿಟ್ಟುಕೊಂಡವನಿಗೆ ರೋಗನಿದಾನದ ಅರ್ಧ ದಾರಿ ಸವೆದಂತೆಯೇ.

ಇಷ್ಟೇ ಆಗಿದ್ದರೆ ಹಳದಿ ದೀಪದ ಕಾಟವಿರುತ್ತಿರಲಿಲ್ಲ. 1996ರ ಮಾದರಿಗಳಿಂದೀಚೆಗೆ ಅಮೆರಿಕದಲ್ಲಿ ಕಾರು ತನ್ನ ಆವಿಮಾರ್ಗವನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂಬ ನಿಯಮ ಜಾರಿಗೆ ಬಂದಿತು. ಮೊದಲು ಒಂದು ಮಿಲಿಮೀಟರು ಅಗಲದ ರಂಧ್ರವನ್ನು ಪತ್ತೆಮಾಡಿದರೆ ಸಾಕಾಗಿತ್ತು. 2000ದ ಮಾದರಿಗಳಿಂದ ಹಂತಹಂತವಾಗಿ ಅರ್ಧ ಮಿಲಿಮೀಟರಿನದನ್ನೂ ಹಿಡಿಯಬೇಕಾಯಿತು. ಹೊಲಿಗೆಯ ಸೂಜಿಗಿಂತ ಸಪೂರವಾದ ತೂತನ್ನು, ಹತ್ತಾರು ಲೀಟರಿನ ಟ್ಯಾಂಕು ಮತ್ತು ಉದ್ದನೆಯ ಕೊಳವೆಗಳ ನಡುವೆ, ಓಡುವ ಕಾರು ತಾನಾಗಿ ಕಂಡುಹಿಡಿಯಬೇಕು! ಕೆಲವು ಕಾರುಗಳು ಎಂಜಿನಿನ ಹೀರಿಕೆಯಿಂದ ಟ್ಯಾಂಕಿನಲ್ಲಿ ಅಲ್ಪ ನಿರ್ವಾತವನ್ನು ಉಂಟುಮಾಡಿ, ಎರಡೂ ಬಾಗಿಲುಗಳನ್ನು ಮುಚ್ಚಿ, ಒತ್ತಡ ಎಷ್ಟು ಬೇಗ ಮರಳುತ್ತದೆಂದು ಕಾದು ನೋಡುತ್ತವೆ. ಬೇರೆ ಕೆಲವು, ಎಂಜಿನು ನಿಂತು ಐದು ಗಂಟೆ ಕಳೆದ ಮೇಲೆ, ಮನೆಮಂದಿಯೆಲ್ಲ ಮಲಗಿರುವ ಹೊತ್ತಿನಲ್ಲಿ, ಒಂದು ಪುಟ್ಟ ಪಂಪನ್ನು ತಾವೇ ನಡೆಸುತ್ತವೆ. ಕಾರಿನಿಂದ ನಡುರಾತ್ರಿ ಗುಂಯ್‌ಗುಟ್ಟುವ ಸದ್ದು ಕೇಳಿ ಕಳ್ಳನೆಂದು ದೀಪ ಹಿಡಿದು ಬಂದವರೂ ಉಂಟು.

ಈ ಪರೀಕ್ಷೆ ಪ್ರತಿದಿನ ನಡೆಯುವುದಲ್ಲ. ಟ್ಯಾಂಕು ತೀರ ತುಂಬಿರಬಾರದು, ತೀರ ಬರಿದೂ ಆಗಿರಬಾರದು. ಬಹಳಷ್ಟು ಕಾರುಗಳಲ್ಲಿ ನೂರಕ್ಕೆ 15ರಿಂದ 85ರವರೆಗಿನ ಮಟ್ಟ ಬೇಕು. ಎಂಜಿನು ತಣ್ಣಗಿದ್ದು ಹೊರಟಿರಬೇಕು. ಹವೆ ಅತಿ ಚಳಿಯೂ ಅತಿ ಸೆಖೆಯೂ ಆಗಿರಬಾರದು. ಆದುದರಿಂದ ದೀಪ ಹೊತ್ತಿದ ದಿನವೇ ಸೋರಿಕೆ ಶುರುವಾಯಿತೆಂದು ಹೇಳಲಾಗದು. ಸೋರಿಕೆ ನಿಂತ ದಿನವೇ ದೀಪ ಆರೀತೆಂದು ಭರವಸೆ ಕೊಡಲೂ ಆಗದು. ಮೆಕ್ಯಾನಿಕನಿಗೂ ಕಾರಿನ ಧಣಿಗೂ ನಡುವೆ ಮನಸ್ತಾಪ ಹುಟ್ಟುವುದು ಬಹುಪಾಲು ಇಲ್ಲಿಯೇ.

ಮನಸ್ತಾಪಕ್ಕೆ ಇನ್ನೊಂದು ಕಾರಣ ಸಂಕೇತಸಂಖ್ಯೆಗಳು. ಓದುವ ಯಂತ್ರವನ್ನು ಕಾರಿಗೆ ಸಿಕ್ಕಿಸಿದರೆ ‘ಪಿ 0455’ ಎಂದೋ ‘ಪಿ 0442’ ಎಂದೋ ತೆರೆಯ ಮೇಲೆ ಮೂಡುತ್ತದೆ. ಮೊದಲನೆಯದು ದೊಡ್ಡ ಸೋರಿಕೆ, ಎರಡನೆಯದು ಸಣ್ಣದು. ‘ಪಿ 0456’ ಅತಿಸಣ್ಣದು. ‘ಪಿ 0441’ ಎಂದರೆ ಪರ್ಜಿನ ಹರಿವು ಸರಿಯಿಲ್ಲ. ‘ಪಿ 0446’ ವೆಂಟಿನ ಕಡೆಯ ದೂರು. ಇವು ರೋಗದ ಹೆಸರುಗಳಲ್ಲ, ಲಕ್ಷಣಗಳು. ಜ್ವರಮಾಪಕ 102 ಡಿಗ್ರಿ ತೋರಿಸಿದರೆ ಅದು ಮಲೇರಿಯವೋ ವಿಷಮಶೀತವೋ ಎಂದು ಯಾವ ವೈದ್ಯನೂ ಪಾದರಸವನ್ನು ಕೇಳುವುದಿಲ್ಲ. ಆದರೆ ಗ್ಯಾರೇಜುಗಳಲ್ಲಿ ಈ ತಪ್ಪು ದಿನವೂ ನಡೆಯುತ್ತದೆ: ಸಂಖ್ಯೆ ಕಂಡೊಡನೆ ಒಂದು ಭಾಗ ಬದಲು, ದೀಪ ಮತ್ತೆ ಹೊತ್ತಿದರೆ ಇನ್ನೊಂದು ಭಾಗ ಬದಲು. ಬಿಲ್ಲು ಬೆಳೆಯುತ್ತದೆ, ಆವಿ ಸೋರುತ್ತಲೇ ಇರುತ್ತದೆ.

ಒಂದು ಸಂಸಾರವನ್ನು ಕಲ್ಪಿಸಿಕೊಂಡರೆ ವಿಷಯ ತಿಳಿಯಾದೀತು. ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ನೆಲೆಸಿದ ಕನ್ನಡ ದಂಪತಿಗಳು. ಆರು ವರ್ಷದ ಮಗಳು. ದಾವಣಗೆರೆಯಿಂದ ಬಂದಿರುವ, ಸಾರಿಗೆ ಸಂಸ್ಥೆಯ ಬಸ್ ಡಿಪೋದಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದ ಹೆಣ್ಣಿನ ತಂದೆ. ಕಾರಿನಲ್ಲಿ ಹಳದಿ ದೀಪ. ಸಂಕೇತ ಪಿ 0442. ಆ ರಾಜ್ಯದಲ್ಲಿ ಹಳೆಯದಾಗುತ್ತ ಬಂದ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆಯಾಗಬೇಕು. ದೀಪ ಉರಿಯುತ್ತಿದ್ದರೆ ತೇರ್ಗಡೆಯಿಲ್ಲ, ತೇರ್ಗಡೆಯಿಲ್ಲದೆ ನೋಂದಣಿಯ ನವೀಕರಣವಿಲ್ಲ. ಗಡುವಿಗೆ ಉಳಿದಿರುವುದು ಮೂರು ವಾರ. ಅಳಿಯ ಹೊಸ ಮುಚ್ಚಳ ಕೊಂಡು ಹಾಕಿದ್ದಾಯಿತು, ದೀಪ ಮರಳಿತು. ಗ್ಯಾರೇಜಿನವರು ಕ್ಯಾನಿಸ್ಟರು ಮತ್ತು ವೆಂಟ್ ವಾಲ್ವು ಎರಡನ್ನೂ ಬದಲಿಸಬೇಕೆಂದು ಆರುನೂರು ಡಾಲರಿನ ಅಂದಾಜು ಬರೆದುಕೊಟ್ಟರು.

“ಪರೀಕ್ಷೆ ಮಾಡಿ ಹೇಳಿದರೋ, ನೋಡಿ ಹೇಳಿದರೋ?” ಎಂದು ಕೇಳಿದರು ಮಾವ.

“ಇಲ್ಲ ಮಾವ, ಯಂತ್ರ ಸಿಕ್ಕಿಸಿ ನೋಡಿದರು, ಅಷ್ಟೆ. ಈ ಮಾದರಿಯಲ್ಲಿ ಅದೇ ಹೋಗುವುದಂತೆ.”

“ಹಾಗಾದರೆ ತಡೆಯಿರಿ. ಡಿಪೋದಲ್ಲಿ ನಾವು ಕಂಡದ್ದು ಡೀಸೆಲ್ಲು; ಅದಕ್ಕೆ ಈ ಆವಿಯ ಗೊಡವೆಯಿಲ್ಲ, ನಿಮ್ಮ ಯಂತ್ರ ನನಗೆ ತಿಳಿಯದು. ಆದರೆ ಒಂದು ಮಾತು. ಶನಿವಾರ ನೀವು ಟ್ಯಾಂಕು ತುಂಬಿಸಿಕೊಂಡು ಬಂದಿರಿ. ಭಾನುವಾರ ಬೆಳಿಗ್ಗೆ ಕಾರಿನ ಕೋಣೆಯಲ್ಲಿ ವಾಸನೆ. ಬುಧವಾರದ ಹೊತ್ತಿಗೆ ಇಲ್ಲ. ಹಿಂದಿನ ವಾರವೂ ಹಾಗೆಯೇ.”

ಇಷ್ಟರಲ್ಲಿ ಮಗು, “ನಾನೂ ಹೇಳಿದ್ದೆ, ನನ್ನ ಸೀಟಿನ ಹತ್ತಿರ ವಾಸನೆ ಬರುತ್ತದೆ ಅಂತ. ಅಪ್ಪ ಕಿಟಕಿ ತೆಗಿ ಅಂದರು” ಎಂದಿತು.

ಹೊಸ ಯಂತ್ರಗಳ ಕಾಲದಲ್ಲಿ ಇಂಥ ಸಾಕ್ಷ್ಯವನ್ನು ಕಡೆಗಣಿಸುವುದು ಒಂದು ರೂಢಿಯಾಗಿಬಿಟ್ಟಿದೆ. ಆದರೆ ಟ್ಯಾಂಕು ತುಂಬಿದ್ದಾಗ ಮಾತ್ರ ವಾಸನೆ ಬರುವುದಾದರೆ ದೋಷ ಟ್ಯಾಂಕಿನ ಮೇಲ್ಭಾಗದಲ್ಲಿಯೋ ಪೆಟ್ರೋಲು ಹೊಯ್ಯುವ ಕೊರಳಿನಲ್ಲಿಯೋ ಇರುವ ಸಂಭವ ಹೆಚ್ಚು. ವೆಂಟ್ ವಾಲ್ವಿನ ಮೇಲೆ ಅಷ್ಟು ಸಂಶಯ ಹೋಗದು. ಅವರು ಹೋದ ಎರಡನೆಯ ಮೆಕ್ಯಾನಿಕ್ ಮೊದಲು ಕೇಳಿದ್ದು ಕಾರಿನ ಪೂರ್ವಚರಿತ್ರೆಯನ್ನು. ಎರಡು ವರ್ಷದ ಹಿಂದೆ ಪೆಟ್ರೋಲ್ ಪಂಪು ಬದಲಾಗಿತ್ತು. ಈ ಪಂಪು ಇರುವುದು ಟ್ಯಾಂಕಿನೊಳಗೆ. ಅದನ್ನು ತೆಗೆಯುವ ಬಾಯಿ ಹಿಂದಿನ ಸೀಟಿನ ಕೆಳಗೆ. ಹೊಗೆಯಂತ್ರದಿಂದ ಆವಿಮಾರ್ಗಕ್ಕೆ ಹೊಗೆ ತುಂಬಿಸಿ, ಸೀಟನ್ನು ಎತ್ತಿ ದೀಪ ಹಿಡಿದಾಗ ಪಂಪಿನ ಸುತ್ತಲಿನ ಬಳೆಯ ಒಂದು ಬದಿಯಿಂದ ಊದುಬತ್ತಿಯ ಎಳೆಯಂತೆ ಹೊಗೆ ಏಳುತ್ತಿತ್ತು. ಹಿಂದಿನವರು ಹೊಸ ಪಂಪು ಹಾಕಿದ್ದರು. ಅದರ ಕೆಳಗಿನ ರಬ್ಬರಿನ ಉಂಗುರವನ್ನು ಮಾತ್ರ ಹಳೆಯದನ್ನೇ ಉಳಿಸಿದ್ದರು. ಕೆಲವು ಡಾಲರಿನ ವಸ್ತು. ಅದರ ಮೇಲೆ ದಿನವೂ ಮಗು ಕೂರುತ್ತಿತ್ತು.

ಇಲ್ಲಿ ಹಣಕ್ಕಿಂತ ಮಿಗಿಲಾದ ಮಾತೊಂದಿದೆ. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ವಸ್ತು ಅಲ್ಪಪ್ರಮಾಣದಲ್ಲಿರುತ್ತದೆ. ರಕ್ತದ ಅರ್ಬುದಕ್ಕೆ ಕಾರಣವಾಗಬಲ್ಲ ವಸ್ತುವೆಂದು ಅದಕ್ಕೆ ಕುಖ್ಯಾತಿ. ಅಲ್ಲದೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಮೇಲೇರಿ ಚದುರಿಹೋಗದೆ ನೆಲದ ಮೇಲೆ ನೀರಿನಂತೆ ಹರಡಿಕೊಳ್ಳುತ್ತದೆ. ಅಮೆರಿಕದ ಮನೆಗಳಲ್ಲಿ ಕಾರಿನ ಕೋಣೆ ಮನೆಗೇ ಅಂಟಿಕೊಂಡಿದ್ದು, ನೀರು ಕಾಯಿಸುವ ಗ್ಯಾಸಿನ ಹಂಡೆಯೂ ಎಷ್ಟೋ ಕಡೆ ಅಲ್ಲಿಯೇ ಇರುತ್ತದೆ. ಆ ಹಂಡೆಯ ಕಿಡಿಹೊತ್ತಿಸುವ ಭಾಗ ನೆಲದಿಂದ 18 ಅಂಗುಲವಾದರೂ ಮೇಲಿರಬೇಕೆಂಬ ಕಟ್ಟಡ ನಿಯಮ ಹುಟ್ಟಿದ್ದು ಈ ತೆವಳುವ ಆವಿಯ ಭಯದಿಂದಲೇ. ಹಳದಿ ದೀಪ ಊರಿನ ಗಾಳಿಯ ಸಲುವಾಗಿ ಹೊತ್ತುವುದೆಂದು ಭಾವಿಸುವವರು ಮನೆಯೊಳಗಿನ ಗಾಳಿಯನ್ನು ಮರೆಯುತ್ತಾರೆ.

ನಿದಾನದ ಕ್ರಮವನ್ನು ಬಲ್ಲ ಮೆಕ್ಯಾನಿಕ್ ಸಂಕೇತವನ್ನು ಕೂಡಲೇ ಅಳಿಸುವುದಿಲ್ಲ. ದೋಷ ದಾಖಲಾದ ಕ್ಷಣದಲ್ಲಿ ಟ್ಯಾಂಕಿನ ಮಟ್ಟವೆಷ್ಟು, ಎಂಜಿನಿನ ಶಾಖವೆಷ್ಟು, ವೇಗವೆಷ್ಟು ಎಂಬುದನ್ನೆಲ್ಲ ಕಂಪ್ಯೂಟರು ಬರೆದಿಟ್ಟಿರುತ್ತದೆ. ಅಳಿಸಿದರೆ ಆ ಸಾಕ್ಷ್ಯವೂ ಅಳಿಯುತ್ತದೆ. ಅದನ್ನು ಗುರುತುಮಾಡಿಕೊಂಡು ಮುಚ್ಚಳಕ್ಕೆ ಬರುತ್ತಾನೆ. ರಬ್ಬರು ಬಿರಿದಿದೆಯೇ, ಅದು ಕೂರುವ ಅಂಚು ತುಕ್ಕು ಹಿಡಿದಿದೆಯೇ, ತಿರುವಿದಾಗ ಟಿಕ್ಕೆನ್ನುವವರೆಗೆ ತಿರುಗುತ್ತದೆಯೇ ಎಂದು ನೋಡುತ್ತಾನೆ. ಮುಚ್ಚಳವನ್ನು ಸರಿಯಾಗಿ ಬಿಗಿಯದಿದ್ದುದೇ ದೀಪಕ್ಕೆ ಕಾರಣವಾದ ಸಂದರ್ಭಗಳು ಎಷ್ಟೆಂದರೆ ಅದಕ್ಕೆ ‘ಪಿ 0457’ ಎಂಬ ಪ್ರತ್ಯೇಕ ಸಂಖ್ಯೆಯೇ ಉಂಟು.

ಮುಂದಿನದು ಪರ್ಜ್ ವಾಲ್ವು. ಅದು ಮುಚ್ಚಿಕೊಳ್ಳದೆ ತೆರೆದೇ ನಿಂತರೆ ಒಂದು ವಿಲಕ್ಷಣ ಗುರುತುಂಟು: ಪೆಟ್ರೋಲು ತುಂಬಿಸಿದ ಬೆನ್ನಿಗೇ ಕಾರು ಹೊರಡಲು ಹಟಮಾಡುತ್ತದೆ. ತುಂಬುವಾಗ ಎದ್ದ ದಟ್ಟ ಆವಿಯೆಲ್ಲ ಅಕಾಲದಲ್ಲಿ ಎಂಜಿನಿಗೆ ನುಗ್ಗಿ ಅದರ ಉಸಿರುಗಟ್ಟಿಸುವುದೇ ಕಾರಣ. ಪೆಟ್ರೋಲ್ ಕೆಟ್ಟದೆಂದು ಪಂಪಿನವನನ್ನು ಬೈದು ಬಂದವರಲ್ಲಿ ಕೆಲವರಾದರೂ ನಿಜವಾಗಿ ಬೈಯಬೇಕಾಗಿದ್ದುದು ಈ ವಾಲ್ವನ್ನು. ಪರೀಕ್ಷೆ ಕಷ್ಟವಲ್ಲ. ತಣ್ಣಗಿರುವ ಎಂಜಿನನ್ನು ಚಾಲೂ ಮಾಡಿ, ವಾಲ್ವಿಗೆ ಡಬ್ಬಿಯ ಕಡೆಯಿಂದ ಬರುವ ಕೊಳವೆಯನ್ನು ಬಿಡಿಸಿ, ಬಾಯಿಗೆ ಬೆರಳಿಟ್ಟರೆ ಹೀರಿಕೆ ತಿಳಿಯಬಾರದು. ಕಂಪ್ಯೂಟರು ಇನ್ನೂ ಅದನ್ನು ತೆರೆಯುವ ಹೊತ್ತಲ್ಲ. ಹೀರಿದರೆ ವಾಲ್ವು ಸೋರುತ್ತಿದೆ ಎಂದರ್ಥ. ಇನ್ನು, ಹನ್ನೆರಡು ವೋಲ್ಟು ಕೊಟ್ಟಾಗ ಟಕ್ಕೆಂದು ಸದ್ದಾದರೆ ಸಾಲದು, ಗಾಳಿ ಹಾದುಹೋಗಬೇಕು. ಸದ್ದು ಮಾಡಿಯೂ ಕೆಲಸ ಮಾಡದ ವಾಲ್ವುಗಳು ಬಹಳ; ಮನುಷ್ಯರಲ್ಲಿಯೂ ಇಂಥವರುಂಟೆಂಬ ಮಾತು ಇಲ್ಲಿ ಬೇಡ.

ವೆಂಟಿನ ಕಾಯಿಲೆ ಬೇರೆ ಬಗೆಯದು. ಅದು ಮುಚ್ಚಿಹೋದರೆ ಟ್ಯಾಂಕಿನ ಉಸಿರು ನಿಲ್ಲುತ್ತದೆ. ಆವಿ ಹೊರಹೋಗಲು ದಾರಿಯಿಲ್ಲದೆ ಪೆಟ್ರೋಲ್ ಪಂಪಿನ ನಳಿಕೆ ಅರೆ ಲೀಟರಿಗೊಮ್ಮೆ ಟಕ್ಕೆಂದು ನಿಂತುಬಿಡುತ್ತದೆ. ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಒಳನುಗ್ಗುತ್ತದೆ. ಹೀರಿಕೆ ಮಿತಿಮೀರಿದರೆ ಟ್ಯಾಂಕು ಒಳಕ್ಕೆ ಕುಗ್ಗುವುದೂ ಉಂಟು. ಕೆಸರು, ದೂಳು ಇದಕ್ಕೆ ಸಾಮಾನ್ಯ ಕಾರಣ. ಅಸಾಮಾನ್ಯ ಕಾರಣವೊಂದು 2011ರಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಉತ್ತರ ಅಮೆರಿಕದಲ್ಲಿ ಮಾಜ಼್ದಾ ಕಂಪನಿ ತನ್ನ ‘ಮಾಜ಼್ದಾ 6’ ಮಾದರಿಯ ಸುಮಾರು 65,000 ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅಪರಾಧಿ ಒಂದು ಹಳದಿ ಜೇಡ. ಪೆಟ್ರೋಲಿನ ವಾಸನೆಗೆ ಮರುಳಾಗುವ ಈ ಪ್ರಾಣಿ ವೆಂಟಿನ ಕೊಳವೆಯೊಳಗೆ ಬಲೆ ನೇಯ್ದು ಗಾಳಿಯ ದಾರಿಯನ್ನು ಕಟ್ಟಿಹಾಕಿತ್ತು. ಟ್ಯಾಂಕಿನಲ್ಲಿ ಹೀರಿಕೆ ಹೆಚ್ಚಿ ಅದು ಬಿರುಕುಬಿಡುವ ಅಪಾಯ ಒದಗಿತ್ತು. ಜೇಡ ನುಸುಳದಂತೆ ಕೊಳವೆಗೆ ಸ್ಪ್ರಿಂಗು ಇಟ್ಟರು. ಜೇಡ ಸೋಲಲಿಲ್ಲ. 2014ರಲ್ಲಿ ಅದೇ ಕಾರಣಕ್ಕೆ ಮತ್ತೆ 42,000 ಕಾರುಗಳನ್ನು ಕರೆಸಬೇಕಾಯಿತು; ಆ ಸಲ ಬದಲಿಸಿದ್ದು ಕಂಪ್ಯೂಟರಿನ ಆಜ್ಞಾವಳಿಯನ್ನು, ಕೊಳವೆ ಕಟ್ಟಿದ್ದು ತಿಳಿದೊಡನೆ ಹೀರಿಕೆ ಮಿತಿಮೀರದಂತೆ. ಜೇಡದ ಹಟದ ಕಥೆಯನ್ನು ಪಾಠಪುಸ್ತಕಗಳಲ್ಲಿ ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಇಷ್ಟಕ್ಕೂ ತಪ್ಪು ಸಿಗದಿದ್ದರೆ ಹೊಗೆಯಂತ್ರ. ಖನಿಜತೈಲವನ್ನು ಕಾಯಿಸಿ ಬಂದ ಬಿಳಿಯ ಹೊಗೆಯನ್ನು ಅತ್ಯಲ್ಪ ಒತ್ತಡದಲ್ಲಿ ಒಳಗೆ ತುಂಬುವುದು ಇದರ ಕೆಲಸ. ಒತ್ತಡ ಚದರ ಅಂಗುಲಕ್ಕೆ ಅರ್ಧ ಪೌಂಡು ಮೀರಬಾರದು. ಟೈರಿಗೆ ಮೂವತ್ತು ಪೌಂಡು ಗಾಳಿ ಹಾಕುವ ಕೊಳವೆಯನ್ನೇ ಇದಕ್ಕೂ ಹಚ್ಚುವ ಅವಸರದವರು ಇದ್ದಾರೆ. ಅದರಿಂದ ಇಲ್ಲದ ಸೋರಿಕೆ ಹುಟ್ಟುತ್ತದೆ, ಸೆನ್ಸರು ಹಾಳಾಗುತ್ತದೆ. ಮೇಲಾಗಿ ಪೆಟ್ರೋಲಿನ ಆವಿಗೆ ಗಾಳಿ ಬೆರೆಸುವುದೆಂದರೆ ಸಿಡಿಮದ್ದು ಅರೆದಂತೆ. ನೈಟ್ರೋಜನ್ನಿನಂಥ ನಿಷ್ಕ್ರಿಯ ಅನಿಲವನ್ನು ಬಳಸಬೇಕೆನ್ನುವುದು ಇದಕ್ಕಾಗಿ. ಇನ್ನೊಂದು ಎಚ್ಚರ: ವೆಂಟ್ ವಾಲ್ವನ್ನು ಮೊದಲು ಮುಚ್ಚಿಸಿರಬೇಕು. ಮರೆತರೆ ಹೊಗೆ ಅಲ್ಲಿಂದಲೇ ಸಹಜವಾಗಿ ಹೊರಬರುತ್ತದೆ, ಹೊಸಬ ಅದನ್ನೇ ದೋಷವೆಂದು ಬಗೆದು ಒಳ್ಳೆಯ ವಾಲ್ವನ್ನು ಕಿತ್ತುಹಾಕುತ್ತಾನೆ. ಫ್ರೀಮಾಂಟಿನ ಮೊದಲನೆಯ ಅಂದಾಜು ನಿಜವಾಗಿದ್ದರೆ ಆಗುತ್ತಿದ್ದುದೂ ಇದೇ.

ರಿಪೇರಿಯಾದ ಮೇಲೆ ದೀಪವನ್ನು ಆರಿಸಿ ಅದೇ ದಿನ ಪರೀಕ್ಷೆಗೆ ಕೊಂಡೊಯ್ಯುವುದು, ಇಲ್ಲವೆ ಬ್ಯಾಟರಿಯ ತಂತಿ ಬಿಚ್ಚಿ ಸಂಕೇತವನ್ನು ಮರೆಸುವುದು, ಎರಡೂ ವ್ಯರ್ಥ. ಕಂಪ್ಯೂಟರಿನ ಆತ್ಮಪರೀಕ್ಷೆಗಳು ಮುಗಿದಿವೆಯೇ ಎಂದು ಕ್ಯಾಲಿಫೋರ್ನಿಯದ ಪರೀಕ್ಷಕರು ನೋಡಿಯೇ ನೋಡುತ್ತಾರೆ. 2000ದ ಮತ್ತು ಈಚಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಅವರು ಒಂದು ರಿಯಾಯಿತಿ ಕೊಟ್ಟಿದ್ದಾರೆ: ಆವಿಯ ಪರೀಕ್ಷೆಯೊಂದು ಮಾತ್ರ ಮುಗಿಯದೆ ಉಳಿದಿದ್ದರೆ ನಡೆದೀತು. ಅದು ಎಷ್ಟು ನಿಧಾನದ ಪರೀಕ್ಷೆಯೆಂಬುದನ್ನು ಸರ್ಕಾರವೂ ಒಪ್ಪಿಕೊಂಡಂತಾಯಿತು. ಉಳಿದವು ಮುಗಿಯಲು ಕೆಲವು ದಿನಗಳ ಸಾಮಾನ್ಯ ಓಡಾಟ ಸಾಕು.

ಕರ್ನಾಟಕದ ರಸ್ತೆಗಳಲ್ಲಿ ಓಡುವ ಪೆಟ್ರೋಲ್ ಕಾರುಗಳಲ್ಲಿಯೂ ಇದೇ ಇದ್ದಿಲಿನ ಡಬ್ಬಿಯುಂಟು, ಇದೇ ಪರ್ಜ್ ವಾಲ್ವುಂಟು. ಹೊಸ ಮಾದರಿಗೆ ಪರವಾನಗಿ ಕೊಡುವ ಮುನ್ನ ಕಾರನ್ನು ಮುಚ್ಚಿದ ಕೋಣೆಯಲ್ಲಿ ನಿಲ್ಲಿಸಿ ಅದರಿಂದ ಹೊರಬಿದ್ದ ಆವಿಯನ್ನು ಅಳೆಯುತ್ತಾರೆ. ಒಂದು ಪರೀಕ್ಷೆಗೆ 2 ಗ್ರಾಮು ಮಿತಿ. ಆದರೆ ಕಾರು ಮನೆಗೆ ಬಂದ ಮೇಲೆ ಸೂಜಿಯಗಲದ ಸೋರಿಕೆಯನ್ನು ತಾನೇ ಹುಡುಕಿ ದೀಪ ಹೊತ್ತಿಸಬೇಕೆಂಬ ಅಮೆರಿಕದ ಕಟ್ಟಳೆ ಇಲ್ಲಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದಡಿಯಲ್ಲಿಯೂ ಈ ವಿಭಾಗದಲ್ಲಿ ಮುಖ್ಯವಾಗಿ ಕೇಳುವುದು ಪರ್ಜ್ ವಾಲ್ವಿನ ವಿದ್ಯುತ್ ಸಂಪರ್ಕ ಸರಿಯಿದೆಯೇ ಎಂಬುದನ್ನು. ತಂತಿ ತುಂಡಾದರೆ ದೀಪ ಹೊತ್ತೀತು. ಕೊಳವೆ ಬಿರಿದರೆ ಹೊತ್ತುವುದೆಂಬ ಖಾತರಿಯಿಲ್ಲ. ಆದುದರಿಂದ ಇಲ್ಲಿಯ ಗೃಹಸ್ಥರು ದೀಪ ಆರಿದೆಯೆಂದು ನಿಶ್ಚಿಂತರಾಗಿರುವಂತಿಲ್ಲ.

ಡಬ್ಬಿಯನ್ನು ಕೈಯಾರೆ ಕೆಡಿಸುವ ಒಂದು ಅಭ್ಯಾಸವೂ ನಮ್ಮಲ್ಲಿ ಬೇರೂರಿದೆ. ಟ್ಯಾಂಕು ತುಂಬಿ ನಳಿಕೆ ತಾನಾಗಿ ನಿಂತಾಗ ಮೊತ್ತ 2,940 ರೂಪಾಯಿ ಆಗಿರುತ್ತದೆ. “ರೌಂಡ್ ಫಿಗರ್ ಮಾಡ್ಲಾ ಸಾರ್?” ಎಂದು ಪಂಪಿನ ಹುಡುಗ ಕೇಳುತ್ತಾನೆ. “ಹೂಂ, ಮೂರು ಸಾವಿರ ಮಾಡು” ಎನ್ನುತ್ತಾರೆ ಯಜಮಾನರು, ಚಿಲ್ಲರೆಯ ತಾಪತ್ರಯ ತಪ್ಪಿತೆಂದು. ಮೊಬೈಲಿನಲ್ಲಿ ಹಣ ಕೊಡುವ ಈ ಕಾಲದಲ್ಲಿ ಚಿಲ್ಲರೆಯ ತಾಪತ್ರಯವಾದರೂ ಎಲ್ಲಿದೆ? ನಳಿಕೆ ನಿಂತುದು ಆವಿಗೆ ಸ್ವಲ್ಪ ಜಾಗ ಉಳಿಯಲೆಂದು. ಆ ಜಾಗಕ್ಕೂ ಪೆಟ್ರೋಲನ್ನು ಒತ್ತಿ ತುಂಬಿದರೆ ಆವಿಯ ಕೊಳವೆಯಲ್ಲಿ ದ್ರವವೇ ಹರಿದು ಇದ್ದಿಲು ತೊಯ್ದುಹೋಗಬಹುದು. ತೊಯ್ದ ಇದ್ದಿಲಿಗೆ ಆವಿ ಹಿಡಿಯುವ ಶಕ್ತಿಯಿಲ್ಲ. ಡಬ್ಬಿ ಒಡೆದರೆ ಅದರ ಕಾಳುಗಳು ಕೊಳವೆಯಲ್ಲಿ ತೇಲಿಹೋಗಿ ಪರ್ಜ್ ವಾಲ್ವಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಅಂಥ ಕಾರಿನಲ್ಲಿ ವಾಲ್ವನ್ನು ಎಷ್ಟು ಸಲ ಬದಲಿಸಿದರೂ ಡಬ್ಬಿಯನ್ನು ಬದಲಿಸುವವರೆಗೆ ಅದೇ ಕಥೆ. ವಾಲ್ವು ಬಿಚ್ಚಿದಾಗ ಒಳಗೆ ಕಪ್ಪುಪುಡಿ ಕಂಡರೆ ಮೆಕ್ಯಾನಿಕ್ ಡಬ್ಬಿಯ ಕಡೆಗೆ ನಡೆಯಬೇಕು.

ದೀಪದ ನೆರವಿಲ್ಲದ ಕಾರಿಗೆ ಉಳಿದಿರುವ ಸಾಕ್ಷಿಗಳು ಮೂರ್ನಾಲ್ಕು: ತುಂಬಿಸಿದ ಮೇಲೆ ಹೊರಡಲು ಮೊಂಡುತನ, ಪಂಪಿನಲ್ಲಿ ಮತ್ತೆಮತ್ತೆ ನಿಲ್ಲುವ ನಳಿಕೆ, ಮುಚ್ಚಳದ ಬುಸುಗುಟ್ಟುವಿಕೆ, ಎಲ್ಲಕ್ಕಿಂತ ಮಿಗಿಲಾಗಿ ವಾಸನೆ. ಬೆಂಗಳೂರಿನ ವಸತಿ ಸಮುಚ್ಚಯಗಳ ನೆಲಮಾಳಿಗೆಯಲ್ಲಿ ನೂರಾರು ಕಾರುಗಳು ಒತ್ತೊತ್ತಾಗಿ ನಿಂತಿರುತ್ತವೆ. ಭಾರವಾದ ಆವಿಗೆ ಅಲ್ಲಿಂದ ಹೊರಹೋಗುವ ದಾರಿಯೂ ಕಿರಿದು. ಅಲ್ಲಿ ಒಂದು ಕಾರಿನ ಬಳಿ ಬೆಳಿಗ್ಗೆ ಪೆಟ್ರೋಲಿನ ವಾಸನೆ ಗಾಢವಾಗಿ ಬಂದರೆ ಕೀಲಿ ತಿರುವದೆ, ಹತ್ತಿರದ ಸ್ವಿಚ್ಚು ಮುಟ್ಟದೆ, ಕೈಯಿಂದ ತಳ್ಳಿ ಬಯಲಿಗೆ ತರುವುದು ಲೇಸು. ಬಂದ ಮೆಕ್ಯಾನಿಕ್ ಸಂಕೇತಸಂಖ್ಯೆ ಇಲ್ಲವೆಂದು ಕೈಚೆಲ್ಲಿದರೆ, ವಾಸನೆ ಯಾವ ದಿನ ಬಂತು, ಟ್ಯಾಂಕಿನಲ್ಲಿ ಆಗ ಎಷ್ಟು ಪೆಟ್ರೋಲಿತ್ತು, ಹಿಂದೆ ಯಾರು ಯಾವ ಭಾಗವನ್ನು ಬಿಚ್ಚಿದ್ದರು ಎಂಬ ಮೂರು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಡಬಹುದು.